ಮಲ್ಲಯ್ಯನ ಹಾದಿಗೆ ಮೊದಲ ಸಲ ಹೊರಟವರಿಗೆ

ಶಿವರಾತ್ರಿ ಕಳೆದದ್ದೇ ತಡ, ಬಾಗಲಕೋಟೆ ಸೀಮೆಯ ಹಳ್ಳಿಗಳಲ್ಲಿ ‘ಈ ವರ್ಷ ಪರ್ವತಕ್ಕೆ ಯಾರ್ಯಾರು?’ ಎಂಬ ವಿಚಾರಣೆ ಶುರುವಾಗುತ್ತದೆ. ಪರ್ವತ ಎಂದರೆ ಇಲ್ಲಿ ಶ್ರೀಶೈಲವೇ. ಅಲ್ಲಿ ಶಿವರಾತ್ರಿ ಹೆಚ್ಚಾಗಿ ತೆಲುಗು ಭಕ್ತರದು, ಯುಗಾದಿ ನಮ್ಮದು. ಭ್ರಮರಾಂಬೆ ಕನ್ನಡದ ಮನೆಮಗಳು, ಮಲ್ಲಿಕಾರ್ಜುನ ಅಳಿಯ ಎಂಬ ನಂಬಿಕೆಯಿಂದ ಬೆಳಗಾವಿ, ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರು ಕಡೆಯ ಜನ ಹಬ್ಬಕ್ಕೆ ಮಗಳಿಗೆ ಸೀರೆ, ಕುಪ್ಪಸ, ಅರಿಷಿಣ, ಕುಂಕುಮ ಒಯ್ಯುತ್ತಾರೆ. ಬಸ್ಸಿನಲ್ಲಿ ಹೋಗುವವರೂ ಇದ್ದಾರೆ. ನಡೆದು ಹೋಗುವವರ ಸಂಖ್ಯೆ ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದೆ. ಅವರಲ್ಲಿ ಅನೇಕರು ಹೊಸಬರು, ಬೆಂಗಳೂರು, ಪುಣೆಯಲ್ಲಿ ಕುರ್ಚಿಯ ಮೇಲೆ ಕುಳಿತು ದುಡಿಯುವ ನಮ್ಮೂರ ಹುಡುಗರು.

ನಾನು ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಶುಶ್ರೂಷಕಿಯಾಗಿದ್ದು ನಿವೃತ್ತಳಾದವಳು. ನಮ್ಮೂರ ಕಂಬಿಯ (ಮಲ್ಲಯ್ಯನ ಹೆಸರಿನಲ್ಲಿ ಹೆಗಲ ಮೇಲೆ ಹೊತ್ತು ನಡೆಯುವ ಪೂಜೆಯ ಕೋಲು) ಗುಂಪಿನಲ್ಲಿ ಔಷಧಿ ಪೆಟ್ಟಿಗೆ ನನ್ನ ಪಾಲಿನದು. ರಾತ್ರಿ ಉಳಿದವರು ಭಜನೆಗೆ ಕುಳಿತಾಗ ನಾನು ಟಾರ್ಚ್ ಹಿಡಿದು ಒಬ್ಬೊಬ್ಬರ ಅಂಗಾಲು ನೋಡುತ್ತಿರುತ್ತೇನೆ. ಭಕ್ತಿಯ ಮಾತನ್ನು ನನಗಿಂತ ಚೆನ್ನಾಗಿ ಹೇಳುವವರಿದ್ದಾರೆ. ನನಗೆ ಗೊತ್ತಿರುವುದು ಅಂಗಾಲು. ನಡುದಾರಿಯಲ್ಲಿ ಕೈಚೆಲ್ಲಿ ಬಸ್ ಹತ್ತುವವರಲ್ಲಿ ವಯಸ್ಸಾದವರು ಕಡಿಮೆ. ಮೊದಲ ಮೂರು ದಿನ ಹುರುಪಿನಲ್ಲಿ ಓಡಿದ ಗಟ್ಟಿಮುಟ್ಟಾದ ತರುಣರೇ ಹೆಚ್ಚು.

ಮೊದಲು ದೂರದ ಲೆಕ್ಕ ಗೊತ್ತಿರಲಿ. ಬಾಗಲಕೋಟೆಯಿಂದ ಲಿಂಗಸುಗೂರು, ರಾಯಚೂರು, ಅಲ್ಲಿಂದ ಕರ್ನೂಲು, ನಂದಿಕೊಟ್ಕೂರು, ಆತ್ಮಕೂರು, ಆಮೇಲೆ ನಲ್ಲಮಲ ಕಾಡು. ಒಟ್ಟು ಸುಮಾರು 400 ಕಿ.ಮೀ. ದಿನಕ್ಕೆ 30ರಿಂದ 35 ಕಿ.ಮೀ.ಯಂತೆ ಹನ್ನೆರಡು ಹದಿಮೂರು ದಿನ. ಬೆಳಗಾವಿ ಕಡೆಯವರಿಗೆ ಇನ್ನೂ ನಾಲ್ಕೈದು ದಿನ ಹೆಚ್ಚು. ರಾಯಚೂರಿನವರಿಗೆ ಹೆಚ್ಚುಕಡಿಮೆ ಇದರ ಅರ್ಧ. ರಜೆ ಸಿಗದವರು, ಕಾಲಿನ ಮೇಲೆ ಭರವಸೆ ಇಲ್ಲದವರು ಮೊದಲ ವರ್ಷ ರಾಯಚೂರಿನಲ್ಲಿ ಗುಂಪನ್ನು ಕೂಡಿಕೊಳ್ಳಿ. ಮಲ್ಲಯ್ಯ ಕಿಲೊಮೀಟರ್ ಎಣಿಸುವುದಿಲ್ಲ. ಎಣಿಸುವವರು ಊರಿನ ಕಟ್ಟೆಯ ಮೇಲೆ ಕುಳಿತವರು.

ಪಂಚಾಂಗವನ್ನೂ ನೋಡಿ. 2026ರಲ್ಲಿ ಯುಗಾದಿ ಮಾರ್ಚ್ 19ಕ್ಕೆ. ನಡುವೆ ಅಧಿಕ ಜ್ಯೇಷ್ಠ ಬರುವುದರಿಂದ 2027ರಲ್ಲಿ ಏಪ್ರಿಲ್ 7ಕ್ಕೆ. ಈ ಹತ್ತೊಂಬತ್ತು ದಿನಗಳ ಅಂತರ ರಾಯಚೂರು, ಕರ್ನೂಲಿನ ಬಿಸಿಲಿನಲ್ಲಿ ದೊಡ್ಡದು. ಏಪ್ರಿಲ್ ಯುಗಾದಿಯ ವರ್ಷ ದಿನದ ನಡಿಗೆಯನ್ನು 25 ಕಿ.ಮೀ.ಗೆ ಇಳಿಸಿ, ಮೂರು ದಿನ ಮೊದಲೇ ಹೊರಡಬೇಕು. ಇನ್ನೊಂದು ಸಂಗತಿ ಚಂದ್ರನದು. ನಾವು ಹೋಳಿ ಹುಣ್ಣಿಮೆಯ ಓಕುಳಿ ಮುಗಿಸಿ ಹೊರಡುವವರು. ಕೃಷ್ಣಪಕ್ಷವಾದ್ದರಿಂದ ಮೊದಲ ವಾರ ಬೆಳಗಿನ ಜಾವ ತಲೆಯ ಮೇಲೆ ಬೆಳದಿಂಗಳು ಇರುತ್ತದೆ, ಟಾರ್ಚ್ ಬೇಕೆನಿಸುವುದಿಲ್ಲ. ಕಾಡು ಹತ್ತಿರವಾಗುವ ಹೊತ್ತಿಗೆ ಅಮಾವಾಸ್ಯೆಯೂ ಹತ್ತಿರವಾಗಿ ಕತ್ತಲು ಕವಿದಿರುತ್ತದೆ. ಹೊಸಬರು ಮೊದಲ ವಾರ ಟಾರ್ಚನ್ನು ಹಾಡು ಕೇಳುವ ಮೊಬೈಲಿನಲ್ಲೇ ಮುಗಿಸಿ, ಬೇಕಾದಾಗ ಕತ್ತಲಲ್ಲಿ ತಡವರಿಸುತ್ತಾರೆ. ಬೇರೆ ಟಾರ್ಚ್ ಇರಲಿ, ಅದರ ಸೆಲ್ ಕಡೆಯ ನಾಲ್ಕು ದಿನಕ್ಕೆ ಮೀಸಲಿರಲಿ.

ಗುಂಪನ್ನು ಆರಿಸುವುದು

ಒಬ್ಬರೇ ನಡೆಯುತ್ತೇನೆ ಎನ್ನುವವರಿಗೆ ನನ್ನ ಬಳಿ ಸಲಹೆ ಇಲ್ಲ. ಗುಂಪಿನಲ್ಲಿ ಹೋಗುವವರು ಮಾತ್ರ ಗುಂಪನ್ನು ಹೆಣ್ಣು ನೋಡಲು ಹೋದವರಷ್ಟೇ ಎಚ್ಚರದಿಂದ ನೋಡಬೇಕು. ಬ್ಯಾನರ್ ಎಷ್ಟು ದೊಡ್ಡದು, ಕಂಬಿಗೆ ಎಷ್ಟು ಹೂವು ಕಟ್ಟಿದ್ದಾರೆ ಎಂಬುದರಿಂದ ಏನೂ ತಿಳಿಯುವುದಿಲ್ಲ. ಕೇಳಬೇಕಾದ ಮೊದಲ ಪ್ರಶ್ನೆ: ಎಲ್ಲರಿಗಿಂತ ಹಿಂದೆ ಯಾರು ನಡೆಯುತ್ತಾರೆ? ಒಳ್ಳೆಯ ಗುಂಪಿನಲ್ಲಿ ಇದಕ್ಕೆ ತಟ್ಟನೆ ಒಂದು ಹೆಸರು ಬರುತ್ತದೆ. ಆ ವ್ಯಕ್ತಿಯನ್ನು ದಾಟಿ ಯಾರೂ ಹಿಂದೆ ಉಳಿಯುವಂತಿಲ್ಲ. ಅವನ ಕೈಯಲ್ಲಿ ಕೆಂಪು ದೀಪ, ಜೇಬಿನಲ್ಲಿ ಎಲ್ಲರ ಪಟ್ಟಿ. ‘ಎಲ್ಲರೂ ಒಟ್ಟಿಗೇ ಇರುತ್ತೇವೆ’ ಎಂಬ ಉತ್ತರ ಬಂದರೆ ಬೇರೆ ಗುಂಪು ಹುಡುಕಿ. ನೂರು ಜನ ಎಂದಾದರೂ ಒಟ್ಟಿಗೆ ನಡೆದದ್ದುಂಟೇ? ಮುಂದಿನವನಿಗೂ ಹಿಂದಿನವನಿಗೂ ನಡುವೆ ಮೂರು ಕಿಲೊಮೀಟರ್ ಬೀಳುವುದು ಸಾಮಾನ್ಯ.

ಎರಡನೆಯದು, ನಡೆಯಲಾಗದವರನ್ನು ಏನು ಮಾಡುತ್ತಾರೆ? ನಮ್ಮ ಗುಂಪಿನ ಕಟ್ಟಳೆ ಹೀಗಿದೆ: ಯಾರನ್ನು ವಾಹನ ಹತ್ತಿಸಬೇಕೆಂದು ನಿರ್ಧರಿಸುವುದು ನಾನು, ನಡೆಯುವವರಲ್ಲ. ಜ್ವರ ಬಂದವನು ‘ಹರಕೆ ಇದೆ ಅಕ್ಕ’ ಎಂದು ಅಳುತ್ತಾನೆ, ಅತ್ತರೂ ಹತ್ತಲೇಬೇಕು. ಒಂದು ಹೊತ್ತು ವಾಹನದಲ್ಲಿ ಕುಳಿತವನು ಸಂಜೆ ಮತ್ತೆ ನಡೆಯಬಹುದು, ಅದರಿಂದ ಅವನ ಯಾತ್ರೆ ಮುರಿಯಿತು ಎಂದು ಯಾರೂ ಆಡಿಕೊಳ್ಳುವಂತಿಲ್ಲ. ಈ ಮಾತನ್ನು ಊರಲ್ಲೇ, ಕಂಬಿಯ ಪೂಜೆಯ ದಿನವೇ ಎಲ್ಲರ ಮುಂದೆ ಹೇಳಿಬಿಡುತ್ತೇವೆ. ದಾರಿಯಲ್ಲಿ ಹೇಳಲು ಹೋದರೆ ಜಗಳವಾಗುತ್ತದೆ.

ಮೂರನೆಯದು ಸಾಮಾನಿನ ವಾಹನ. ಟ್ರ್ಯಾಕ್ಟರ್ ಅಗ್ಗ, ಆದರೆ ನಿಧಾನ, ರಾತ್ರಿ ಹೆದ್ದಾರಿಯಲ್ಲಿ ಅಪಾಯ. ಟ್ರೇಲರಿನ ಹಿಂದೆ ಪ್ರತಿಫಲಕ ಪಟ್ಟಿ ಇಲ್ಲದಿದ್ದರೆ ಲಾರಿಯವರಿಗೆ ಅದು ಕಾಣುವುದೇ ಇಲ್ಲ. ನಲವತ್ತು ಐವತ್ತು ಜನಕ್ಕೆ ಒಂದು ಟೆಂಪೊ ಸಾಕು. ಅದರಲ್ಲಿ ಅಡುಗೆಯವರು, ಪಾತ್ರೆ, ಹಾಸಿಗೆ, ನೀರಿನ ಡ್ರಮ್, ಜೊತೆಗೆ ಇಬ್ಬರು ಸುಸ್ತಾದವರು ಕೂರುವಷ್ಟು ಖಾಲಿ ಜಾಗ ಇರಬೇಕು. ಈ ಖಾಲಿ ಜಾಗವನ್ನು ನೋಡಿ ಗುಂಪಿನ ಗುಣ ಹೇಳಬಹುದು. ಖರ್ಚಿನ ಚಂದಾ ಎಷ್ಟು, ಲೆಕ್ಕ ಯಾರ ಕೈಯಲ್ಲಿ, ಉಳಿದರೆ ಏನು ಮಾಡುತ್ತಾರೆ ಎಂದೂ ಕೇಳಿ. ದೇವರ ಕೆಲಸದಲ್ಲಿ ಲೆಕ್ಕ ಕೇಳಬಾರದು ಎನ್ನುವವರ ಜೊತೆ ದೇವರೂ ನಡೆಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹೆಂಗಸರು ಇನ್ನೊಂದನ್ನು ಕೇಳಬೇಕು: ರಾತ್ರಿ ತಂಗುವ ಜಾಗವನ್ನು ಮೊದಲೇ ನೋಡಿ ಬಂದಿದ್ದಾರೆಯೇ? ಶಾಲೆ, ಗುಡಿಯ ಪ್ರಾಂಗಣ, ಮಠ, ಕಲ್ಯಾಣ ಮಂಟಪ ಯಾವುದಾದರೂ ಸರಿ. ಶೌಚಾಲಯ, ಬಾಗಿಲಿರುವ ಒಂದು ಕೋಣೆ, ದೀಪ ಬೇಕು. ಬೆಳಗಿನ ಜಾವ ಹೊಲದ ಕಡೆ ಹೋಗಬೇಕಾಗಿ ಬಂದರೆ ಇಬ್ಬರು ಮೂವರು ಕೂಡಿಯೇ ಹೋಗಿ. ಮುಟ್ಟಿನ ದಿನ ದಾರಿಯಲ್ಲಿ ಬಂದರೆ ಗಾಬರಿ ಬೇಡ. ಅದನ್ನು ಮುಂದೂಡುವ ಮಾತ್ರೆಯನ್ನು ಅಕ್ಕಪಕ್ಕದವರ ಮಾತು ಕೇಳಿ ನುಂಗಬೇಡಿ. ರಕ್ತದೊತ್ತಡ ಇರುವವರಿಗೆ, ಹಿಂದೆ ರಕ್ತ ಹೆಪ್ಪುಗಟ್ಟಿದವರಿಗೆ ಅದು ಅಪಾಯ. ವೈದ್ಯರನ್ನು ಕೇಳದೆ ಯಾವ ಹೆಣ್ಣುಮಗಳಿಗೂ ನಾನು ಅದನ್ನು ಕೊಡುವುದಿಲ್ಲ. ಮೆತ್ತನೆಯ ಹತ್ತಿ ಬಟ್ಟೆ, ಪ್ಯಾಡ್, ಉಜ್ಜುವಲ್ಲಿ ಹಚ್ಚಲು ಕೊಬ್ಬರಿ ಎಣ್ಣೆ ಸಾಕು. ನಡೆದುಬಿಡಬಹುದು, ನಾವೆಲ್ಲ ನಡೆದಿದ್ದೇವೆ.

ಊರಲ್ಲೇ ಮಾಡಬೇಕಾದ ಅಭ್ಯಾಸ

ಹೊರಡುವ ಒಂದೂವರೆ ತಿಂಗಳ ಮೊದಲು ಶುರುಮಾಡಿ. ಮೊದಲ ವಾರ ದಿನಕ್ಕೆ ಐದು ಕಿ.ಮೀ., ಆಮೇಲೆ ವಾರಕ್ಕಿಷ್ಟು ಏರಿಸುತ್ತಾ ಹೋಗಿ. ನಿಜವಾದ ಪರೀಕ್ಷೆ ಒಂದೇ: ಶನಿವಾರ 20 ಕಿ.ಮೀ. ನಡೆದು, ಭಾನುವಾರ ಎದ್ದು ಮತ್ತೆ 20 ಕಿ.ಮೀ. ನಡೆಯುವುದು. ಒಂದು ದಿನ ಯಾರು ಬೇಕಾದರೂ ನಡೆಯುತ್ತಾರೆ; ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಡುವಾಗ ಗೊತ್ತಾಗುತ್ತದೆ. ಹಿಮ್ಮಡಿಯಲ್ಲಿ ಚಾಕು ಚುಚ್ಚಿದಂತಾದರೆ ಅದನ್ನು ಈಗಲೇ ವೈದ್ಯರಿಗೆ ತೋರಿಸಿ. ಮೈದಾನದಲ್ಲಿ ನಡೆದರೆ ಸಾಲದು, ಡಾಂಬರಿನ ಮೇಲೆ ನಡೆಯಿರಿ. ದಾರಿಯ ಬಹುಪಾಲು ಡಾಂಬರೇ.

ಮಧುಮೇಹ, ರಕ್ತದೊತ್ತಡ, ಹೃದಯದ ತೊಂದರೆ ಇರುವವರು ತಿಂಗಳ ಮೊದಲೇ ವೈದ್ಯರ ಬಳಿ ಹೋಗಿ ಎಷ್ಟು ದಿನ, ಎಷ್ಟು ದೂರ, ಎಂಥ ಬಿಸಿಲು ಎಂದು ಬಿಡಿಸಿ ಹೇಳಬೇಕು. ನಡಿಗೆಯಲ್ಲಿ ಸಕ್ಕರೆ ಇಳಿಯುತ್ತದೆ, ಮಾತ್ರೆಯ ಪ್ರಮಾಣ ಬದಲಾಗಬೇಕಾಗಬಹುದು. ‘ದೇವರ ಹಾದಿಯಲ್ಲಿ ಗುಳಿಗೆ ಯಾಕೆ’ ಎಂದು ಔಷಧಿ ಬಿಟ್ಟು ಬರುವವರನ್ನು ಕಂಡರೆ ನನಗೆ ಸಿಟ್ಟು ತಡೆಯಲಾಗುವುದಿಲ್ಲ.

ಅಂಗಾಲು

ಬರಿಗಾಲಲ್ಲಿ ನಡೆಯುವ ಹರಕೆ ಬಹಳ ಜನರದು. ಅದನ್ನು ಬೇಡವೆನ್ನಲು ನಾನು ಯಾರು? ಆದರೆ ಮಧುಮೇಹಿಗಳಿಗೆ ಬೇಡ ಎಂದೇ ಹೇಳುತ್ತೇನೆ, ಗಟ್ಟಿಯಾಗಿಯೇ ಹೇಳುತ್ತೇನೆ. ಅವರ ಪಾದಕ್ಕೆ ಮುಳ್ಳು ಹೊಕ್ಕರೂ ಗೊತ್ತಾಗುವುದಿಲ್ಲ, ಗಾಯ ಮಾಯುವುದಿಲ್ಲ, ಕೊನೆಗೆ ಬೆರಳು ಹೋಗುತ್ತದೆ. ಉಳಿದವರು ಹರಕೆ ಹೊರುವಾಗಲೇ ಜಾಣತನ ತೋರಿಸಬಹುದು. ನಮ್ಮ ಗುಂಪಿನ ಹಿರಿಯರೊಬ್ಬರು ಸೂರ್ಯ ಹುಟ್ಟುವವರೆಗೆ ಬರಿಗಾಲು, ಆಮೇಲೆ ಚಪ್ಪಲಿ ಎಂದು ಹರಕೆ ಹೊತ್ತಿದ್ದಾರೆ. ಮಧ್ಯಾಹ್ನದ ಡಾಂಬರಿನ ಮೇಲೆ ಬರಿಗಾಲಿಟ್ಟರೆ ಚರ್ಮ ಸುಟ್ಟು ಬೊಬ್ಬೆ ಏಳಲು ಹೆಚ್ಚು ಹೊತ್ತು ಬೇಕಿಲ್ಲ. ಮರಗಾಲು ಕಟ್ಟಿಕೊಂಡು ನಡೆಯುವ ಪುಣ್ಯಾತ್ಮರೂ ಹಾದಿಯಲ್ಲಿ ಸಿಗುತ್ತಾರೆ. ಅವರನ್ನು ನೋಡಿ ಕೈಮುಗಿಯಿರಿ, ಅನುಕರಿಸಬೇಡಿ; ಅದರ ಹಿಂದೆ ವರ್ಷಗಳ ಸಾಧನೆ ಇರುತ್ತದೆ.

ಪಾದರಕ್ಷೆ ಹೊಸದಾಗಿರಬಾರದು. ಯಾತ್ರೆಗೆಂದೇ ಕೊಂಡ ಹೊಳೆಯುವ ಶೂ ಮುದ್ದೇಬಿಹಾಳ, ಲಿಂಗಸುಗೂರು ದಾಟುವುದರೊಳಗೆ ಟೆಂಪೊ ಸೇರುತ್ತದೆ. ಎರಡು ತಿಂಗಳು ಮೆಟ್ಟಿ ಪಳಗಿಸಿದ, ಸಾಮಾನ್ಯ ಅಳತೆಗಿಂತ ಅರ್ಧ ಅಂಕಿ ದೊಡ್ಡದಾದ ಶೂ ಅಥವಾ ಹಿಂಬದಿ ಪಟ್ಟಿಯಿರುವ ಸ್ಯಾಂಡಲ್ ಒಳ್ಳೆಯದು, ಏಕೆಂದರೆ ಮೂರನೆಯ ದಿನಕ್ಕೆ ಪಾದ ಊದುತ್ತದೆ. ಹವಾಯಿ ಚಪ್ಪಲಿಯನ್ನು ತಂಗುವ ಜಾಗಕ್ಕೆಂದು ಇಟ್ಟುಕೊಳ್ಳಿ. ಕಾಲುಚೀಲ ಮೂರು ಜೊತೆ. ಬೆವರಿದ್ದನ್ನು ಪ್ರತಿ ವಿಶ್ರಾಂತಿಯಲ್ಲಿ ಬದಲಿಸಿ, ಚೀಲದ ಹೊರಗೆ ಕಟ್ಟಿ ಒಣಗಿಸಿ. ಉಗುರನ್ನು ಹೊರಡುವ ಎರಡು ಮೂರು ದಿನ ಮೊದಲು ನೇರವಾಗಿ ಕತ್ತರಿಸಿ. ಇಲ್ಲದಿದ್ದರೆ ಕಾಡಿನ ಇಳಿಜಾರಿನಲ್ಲಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ.

ಗುಳ್ಳೆ ಏಳುವ ಮುನ್ನ ಪಾದ ಒಂದು ಸೂಚನೆ ಕೊಡುತ್ತದೆ: ಒಂದೇ ಜಾಗ ಬಿಸಿಯಾಗಿ ಉರಿಯುತ್ತದೆ. ಹೆಚ್ಚಿನವರು ‘ಮುಂದಿನ ಊರಿನಲ್ಲಿ ನೋಡೋಣ’ ಎಂದು ನಡೆಯುತ್ತಾರೆ, ಮುಂದಿನ ಊರಿನಲ್ಲಿ ಅದು ರೂಪಾಯಿ ನಾಣ್ಯದಷ್ಟು ದೊಡ್ಡ ಗುಳ್ಳೆಯಾಗಿರುತ್ತದೆ. ಉರಿ ಶುರುವಾದ ಕ್ಷಣವೇ ಕುಳಿತು, ಮರಳು ಝಾಡಿಸಿ, ಪಾದ ಒಣಗಿಸಿ, ಆ ಜಾಗಕ್ಕೆ ಔಷಧ ಅಂಗಡಿಯ ಅಂಟುಪಟ್ಟಿ ಸುಕ್ಕಿಲ್ಲದಂತೆ ಅಂಟಿಸಿ. ಐದು ನಿಮಿಷದ ಕೆಲಸ. ಗುಳ್ಳೆ ಎದ್ದೇಬಿಟ್ಟರೆ, ಚಿಕ್ಕದನ್ನು ಒಡೆಯಬೇಡಿ. ನಡೆಯಲಾರದಷ್ಟು ದೊಡ್ಡದಾಗಿದ್ದರೆ ಮಾತ್ರ, ಕೈ ತೊಳೆದು, ಪೊವಿಡೋನ್ ಅಯೋಡಿನ್ ಹಚ್ಚಿ, ಪ್ಯಾಕೆಟ್ಟಿನಿಂದ ಆಗತಾನೇ ತೆಗೆದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಹೊರಗೆ ಬಿಡಬೇಕು. ಮೇಲಿನ ಚರ್ಮ ಕೀಳಬಾರದು, ಅದೇ ಬ್ಯಾಂಡೇಜು. ಸೂಜಿದಾರ ಪೋಣಿಸಿ ದಾರವನ್ನು ಗುಳ್ಳೆಯೊಳಗೇ ಬಿಡುವ ಹಳೆಯ ಪದ್ಧತಿ ಇನ್ನೂ ನಡೆಯುತ್ತಿದೆ. ಆ ದಾರದ ಗುಂಟ ಧೂಳು, ಸೋಂಕು ಒಳಗೆ ಹೋಗುತ್ತದೆ, ದಯವಿಟ್ಟು ಬಿಡಿ. ಮಧುಮೇಹಿಗಳ ಗುಳ್ಳೆಯನ್ನು ಗುಂಪಿನಲ್ಲಿ ಯಾರೂ ಮುಟ್ಟಬಾರದು, ಅದು ಆಸ್ಪತ್ರೆಯ ಕೆಲಸ.

ನೋವಿನ ಮಾತ್ರೆಯ ಬಗ್ಗೆ ಒಂದು ಮಾತು. ದಾರಿಯುದ್ದಕ್ಕೂ ಸೇವೆಯ ಶಿಬಿರಗಳಲ್ಲಿ ಕೈಗೆ ಕೈಗೆ ಗುಳಿಗೆ ಕೊಡುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ. ನೀರು ಕಡಿಮೆಯಾದ ದೇಹಕ್ಕೆ ಡೈಕ್ಲೊಫೆನಾಕ್‌ನಂತಹ ಮಾತ್ರೆ ದಿನಾ ಬಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು. ಅಗತ್ಯವಿದ್ದರೆ ಪ್ಯಾರಾಸಿಟಮಾಲ್, ಅದೂ ಅಳತೆಯಲ್ಲಿ. ಸಂಜೆ ತಣ್ಣೀರಿನಲ್ಲಿ ಕಾಲಿಟ್ಟು, ಗೋಡೆಗೆ ಎತ್ತರಕ್ಕೆ ಚಾಚಿ ಕಾಲು ಗಂಟೆ ಮಲಗುವುದು ಎಷ್ಟೋ ಮಾತ್ರೆಗಳಿಗೆ ಸಮ.

ಒಂದು ದಿನ ಹೇಗಿರಬೇಕು

ನಾವು ಮೂರಕ್ಕೆ ಏಳುತ್ತೇವೆ, ಮೂರೂವರೆಗೆ ಕಂಬಿ ಏಳುತ್ತದೆ. ಒಂಬತ್ತೂವರೆಯೊಳಗೆ ದಿನದ ಮೂರರಲ್ಲಿ ಎರಡು ಪಾಲು ಮುಗಿದಿರಬೇಕು. ಆಮೇಲೆ ಊಟ, ನಿದ್ದೆ. ಸಂಜೆ ನಾಲ್ಕೂವರೆಗೆ ಮತ್ತೆ ಹೊರಟು ಏಳೂವರೆಗೆ ತಂಗು. ನಮ್ಮ ಹಾದಿ ಪೂರ್ವಕ್ಕೆ. ಹಾಗಾಗಿ ಬೆಳಿಗ್ಗೆ ಏಳರ ಮೇಲೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ, ಸಂಜೆ ಬೆನ್ನಿಗೆ ಬೀಳುತ್ತದೆ. ಮುಂಭಾಗದಲ್ಲಿ ಅಂಚಿರುವ ಟೊಪ್ಪಿಗೆ ಅಥವಾ ಹಣೆಯ ಮೇಲೆ ಇಳಿಬಿಟ್ಟ ಟವೆಲ್ ಬೇಕು. ಸಂಜೆಗೆ ಅದೇ ಟವೆಲ್ ಒದ್ದೆ ಮಾಡಿ ಕುತ್ತಿಗೆಯ ಹಿಂದೆ ಹಾಕಿಕೊಳ್ಳಿ.

ರಸ್ತೆಯಲ್ಲಿ ಬಲಗಡೆ, ಎದುರಿನಿಂದ ಬರುವ ವಾಹನ ಕಾಣುವಂತೆ ನಡೆಯಿರಿ. ಒಬ್ಬರ ಹಿಂದೆ ಒಬ್ಬರು, ಹೆಚ್ಚೆಂದರೆ ಇಬ್ಬರು. ಬೆನ್ನಿನ ಚೀಲಕ್ಕೆ ಪ್ರತಿಫಲಿಸುವ ಪಟ್ಟಿ ಹೊಲಿಸಿ. ಬಿಳಿ ಅಂಗಿ ಕತ್ತಲಲ್ಲಿ ಕಾಣುತ್ತದೆ, ಕಾವಿಯೂ ಕಪ್ಪೂ ಕಾಣುವುದಿಲ್ಲ. ಕಿವಿಯಲ್ಲಿ ಇಯರ್‌ಫೋನ್ ಬೇಡ. ನಸುಕಿನ ನಾಲ್ಕು ಗಂಟೆಗೆ ಲಾರಿ ಚಾಲಕನೂ ನಿದ್ದೆಗಣ್ಣಿನಲ್ಲೇ ಇರುತ್ತಾನೆ.

ಹೊಸಬರ ವೇಗದ ವಿಷಯ ಮೊದಲೇ ಹೇಳಿದೆ. ಗಂಟೆಗೆ ನಾಲ್ಕೂವರೆ ಕಿ.ಮೀ. ಬಹಳವಾಯಿತು. ನಡೆಯುತ್ತಾ ‘ಉಘೇ ಮಲ್ಲಯ್ಯ’ ಎನ್ನಲು ಉಸಿರು ಸಾಲದಿದ್ದರೆ ವೇಗ ಹೆಚ್ಚಾಗಿದೆ ಎಂದೇ ಅರ್ಥ.

ನೀರನ್ನು ಬಾಯಾರಿಕೆಗೆ ಕಾಯದೆ, ಪ್ರತಿ ಇಪ್ಪತ್ತು ನಿಮಿಷಕ್ಕೆ ನಾಲ್ಕು ಗುಟುಕು ಕುಡಿಯಿರಿ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೂ ತೊಂದರೆ. ಬೆವರಿನಲ್ಲಿ ಉಪ್ಪೂ ಹೋಗಿರುತ್ತದೆ. ಓಆರ್‌ಎಸ್ ಪ್ಯಾಕೆಟ್ ಇದ್ದರೆ ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮತಟ್ಟಾದ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ನಮ್ಮ ಅಡುಗೆಯವರು ಬೆಳಿಗ್ಗೆ ಜೋಳದ ಅಂಬಲಿಗೆ ಮಜ್ಜಿಗೆ, ಉಪ್ಪು ಹಾಕಿ ಕೊಡುತ್ತಾರೆ, ಅದಕ್ಕಿಂತ ಒಳ್ಳೆಯ ಪಾನೀಯ ನಾನು ಕಂಡಿಲ್ಲ. ಮೂತ್ರದ ಬಣ್ಣ ಗಾಢವಾದರೆ, ಬೆಳಗಿನಿಂದ ಬಂದೇ ಇಲ್ಲವಾದರೆ ನನ್ನ ಬಳಿ ಬನ್ನಿ, ನಾಚಿಕೆ ಬೇಡ ಎಂದು ದಿನಾ ಕೂಗಿ ಹೇಳುತ್ತೇನೆ. ಎಲ್ಲರೂ ನಗುತ್ತಾರೆ, ಇಬ್ಬರು ಬರುತ್ತಾರೆ. ಬಿಸಿಲಿನಲ್ಲಿ ಯಾರಾದರೂ ಅಸಂಬದ್ಧ ಮಾತನಾಡತೊಡಗಿದರೆ, ಮೈ ಕಾದು ತೂರಾಡಿದರೆ ಅದು ದೇವರು ಮೈಮೇಲೆ ಬಂದದ್ದಲ್ಲ, ಬಿಸಿಲಿನ ಹೊಡೆತ. ನೆರಳಿಗೆ ಎಳೆದು, ಮೈತುಂಬ ನೀರು ಸುರಿದು, ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ. ಕರ್ನಾಟಕ, ತೆಲಂಗಾಣ, ಆಂಧ್ರ ಮೂರರಲ್ಲೂ ಆಂಬುಲೆನ್ಸಿಗೆ ಅದೇ ಸಂಖ್ಯೆ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಊಟಕ್ಕೆ ಬರವಿಲ್ಲ. ಹಾದಿಯುದ್ದಕ್ಕೂ ದಾಸೋಹ, ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ರೈತರು ಹೊಲದ ಬದುವಿನಲ್ಲೇ ಒಲೆ ಹೂಡಿ ಕರೆಯುತ್ತಾರೆ, ಗಡಿ ದಾಟಿದ ಮೇಲೆ ತೆಲುಗಿನವರು ಪುಳಿಹೊರ, ಮಜ್ಜಿಗೆ, ಕಲ್ಲಂಗಡಿ ಹಿಡಿದು ನಿಂತಿರುತ್ತಾರೆ. ಕರೆದಲ್ಲೆಲ್ಲ ತಿಂದರೆ ಹೊಟ್ಟೆ ಕೆಡುತ್ತದೆ, ತಿನ್ನದಿದ್ದರೆ ಅವರಿಗೆ ಬೇಸರ. ಒಂದು ತುತ್ತು ಪ್ರಸಾದವೆಂದು ತೆಗೆದುಕೊಂಡು ಮುಂದೆ ನಡೆಯುವುದನ್ನು ಕಲಿಯಿರಿ. ಕತ್ತರಿಸಿಟ್ಟ ಹಣ್ಣು, ಬಣ್ಣದ ಶರಬತ್ತು, ಮಂಜುಗಡ್ಡೆ ಮೂರನ್ನೂ ಬಿಟ್ಟುಬಿಡಿ. ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಒಂದು ಡಬ್ಬಿ ಮಾದಲಿ ಇದ್ದರೆ ಯಾವ ಹೊತ್ತೂ ತಪ್ಪುವುದಿಲ್ಲ. ಮಾದಲಿಗೆ ರಾತ್ರಿ ಬಿಸಿ ಹಾಲು ಸಿಕ್ಕಿದರೆ ಬೇರೆ ಊಟವೇ ಬೇಡ. ಮಧುಮೇಹಿಗಳ ಜೇಬಿನಲ್ಲಿ ಬೆಲ್ಲದ ಚೂರು ಇರಲೇಬೇಕು, ಕೈ ನಡುಗಿ ಬೆವರು ಬಂದ ಕೂಡಲೇ ಬಾಯಿಗೆ.

ಕರ್ನೂಲಿಗೆ ಹೋಗುವಾಗ ಆಲಂಪುರದ ಮೇಲೆ ಹಾಯುವ ಗುಂಪುಗಳಿಗೆ ಒಂದು ಮಾತು: ಅಲ್ಲಿನ ನವಬ್ರಹ್ಮ ಗುಡಿಗಳನ್ನು ಕಟ್ಟಿಸಿದವರು ಬಾದಾಮಿಯ ಚಾಲುಕ್ಯರು. ಬಾದಾಮಿ ತಾಲ್ಲೂಕಿನವರು ಇಷ್ಟು ದೂರ ನಡೆದು ಬಂದು, ತಮ್ಮೂರ ಗುಡಿಗಳ ಅಕ್ಕತಂಗಿಯರನ್ನು ನೋಡದೆ ಟೆಂಪೊ ನೆರಳಿನಲ್ಲಿ ಮಲಗುವುದು ನನಗೆ ಸರಿಕಾಣುವುದಿಲ್ಲ. ಅರ್ಧ ಗಂಟೆ ಸಾಕು.

ಕಾಡು

ಆತ್ಮಕೂರು ದಾಟಿ ವೆಂಕಟಾಪುರಕ್ಕೆ ಬಂದಮೇಲೆ ಯಾತ್ರೆಯ ಸ್ವರೂಪವೇ ಬದಲಾಗುತ್ತದೆ. ಇಲ್ಲಿಂದ ನಾಗಲೂಟಿ, ಪೆದ್ದಚೆರುವು, ಮಠಂ ಬಾವಿ, ಭೀಮುನಿ ಕೊಲನು, ಕೈಲಾಸದ್ವಾರ: ಎರಡು ದಿನದ ಕಾಲುಹಾದಿ. ಇದು ನಾಗಾರ್ಜುನಸಾಗರ–ಶ್ರೀಶೈಲಂ ಹುಲಿ ಮೀಸಲು ಪ್ರದೇಶ, ದೇಶದಲ್ಲೇ ಅತಿ ದೊಡ್ಡದು. ಹಬ್ಬದ ದಿನಗಳಿಗೆಂದು ಅರಣ್ಯ ಇಲಾಖೆ ಈ ದಾರಿಯನ್ನು ತೆರೆಯುತ್ತದೆ. ಯಾವ ದಿನದಿಂದ ಯಾವ ದಿನದವರೆಗೆ ಎಂಬುದನ್ನು ಗುಂಪಿನ ಹಿರಿಯರು ಹೊರಡುವ ಮೊದಲೇ ವಿಚಾರಿಸಿರಬೇಕು. ತಿಳಿಯದೆ ಮೂರು ದಿನ ಮುಂಚೆ ಬಂದು ಕಾಡಿನ ಬಾಗಿಲಲ್ಲಿ ಕಾಯುತ್ತಾ ಕುಳಿತ ಗುಂಪುಗಳನ್ನು ನೋಡಿದ್ದೇನೆ.

ಹೊಸಬರಿಗೆ ಯಾರೂ ಹೇಳದ ಸಂಗತಿ ಒಂದಿದೆ: ಟೆಂಪೊ ಕಾಡಿನೊಳಗೆ ಬರುವುದಿಲ್ಲ. ಅದು ಆತ್ಮಕೂರಿನಿಂದ ದೋರ್ನಾಲದ ಮೇಲೆ ಸುತ್ತಿ ಘಟ್ಟದ ರಸ್ತೆಯಲ್ಲಿ ಶ್ರೀಶೈಲಕ್ಕೆ ಹೋಗುತ್ತದೆ, ಆ ರಸ್ತೆಗೂ ರಾತ್ರಿ ಸಂಚಾರದ ನಿರ್ಬಂಧವಿದೆ. ಅಂದರೆ ಎರಡು ದಿನ ನಿಮ್ಮ ಸಾಮಾನು ನಿಮ್ಮ ಬೆನ್ನಿನ ಮೇಲೆ. ವೆಂಕಟಾಪುರದಲ್ಲಿ ಒಂದು ಗಂಟೆ ಕುಳಿತು ಚೀಲವನ್ನು ಹೊಸದಾಗಿ ಕಟ್ಟಿ. ಎರಡು ಲೀಟರ್ ನೀರು, ಎರಡು ಹೊತ್ತಿನ ರೊಟ್ಟಿ, ಒಂದು ಹೊದಿಕೆ, ಟಾರ್ಚ್, ನಿಮ್ಮ ಮಾತ್ರೆಗಳು, ಒಂದು ಜೊತೆ ಕಾಲುಚೀಲ, ಆಧಾರ್ ಚೀಟಿ. ನೀರು ಸೇರಿ ಐದು ಕಿಲೊ ಮೀರಬಾರದು. ಮಾತ್ರೆಗಳನ್ನು ಮರೆತು ಟೆಂಪೊದಲ್ಲಿ ಕಳಿಸುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ, ಹಾಗಾಗಿ ಟೆಂಪೊ ಹೊರಡುವ ಮುನ್ನ ನಾನು ಒಬ್ಬೊಬ್ಬರ ಚೀಲ ಬಿಚ್ಚಿಸಿ ನೋಡುತ್ತೇನೆ. ಕಾಡಿನಲ್ಲಿ ಮೊಬೈಲ್ ಸಂಪರ್ಕವನ್ನು ನಂಬಬೇಡಿ. ಶ್ರೀಶೈಲದಲ್ಲಿ ಎಲ್ಲಿ, ಯಾವ ಛತ್ರದ ಮುಂದೆ ಸೇರಬೇಕು ಎಂಬುದನ್ನು ಚೀಟಿಯಲ್ಲಿ ಬರೆದು ಎಲ್ಲರ ಜೇಬಿಗೂ ಹಾಕಿ. ಅದೇ ಚೀಟಿಯಲ್ಲಿ ಮನೆಯವರ ಸಂಖ್ಯೆ, ರಕ್ತದ ಗುಂಪು, ಇರುವ ಕಾಯಿಲೆ.

ಕಾಡಿನಲ್ಲಿ ಹಗಲು ಮಾತ್ರ ನಡಿಗೆ. ನೀರಿನ ಟ್ಯಾಂಕರ್, ಅನ್ನದಾನ ಅಲ್ಲಲ್ಲಿ ಇರುತ್ತವೆ, ಆದರೆ ಇಂಥ ತಿರುವಿನಲ್ಲಿ ಸಿಕ್ಕೇ ಸಿಗುತ್ತದೆಂದು ನಂಬಿ ಬಾಟಲಿ ಖಾಲಿ ಮಾಡಿಕೊಳ್ಳಬೇಡಿ. ಬೀಡಿ ಸೇದುವವರು ವೆಂಕಟಾಪುರದಲ್ಲೇ ಬೆಂಕಿಪೆಟ್ಟಿಗೆ ಒಪ್ಪಿಸಬೇಕು, ಮಾರ್ಚಿನ ಒಣ ಬಿದಿರಿಗೆ ಒಂದು ಕಿಡಿ ಸಾಕು. ಕರಡಿ ಇರುವ ಕಾಡು. ಶೌಚಕ್ಕೆಂದು ಒಬ್ಬರೇ ಪೊದೆಯೊಳಗೆ ದೂರ ಹೋಗಬೇಡಿ. ಕೋತಿಗಳಿಗೆ ಬಾಳೆಹಣ್ಣು ಕೊಟ್ಟರೆ ಪುಣ್ಯ ಬರುತ್ತದೋ ಇಲ್ಲವೋ, ಚೀಲವಂತೂ ಹೋಗುತ್ತದೆ. ಪ್ಲಾಸ್ಟಿಕ್ ಬಾಟಲಿ ಎಸೆಯುವವರಿಗೆ ನಮ್ಮ ಗುಂಪಿನಲ್ಲಿ ಮರುವರ್ಷ ಜಾಗವಿಲ್ಲ. ಈ ಕಾಡು ಚೆಂಚು ಜನರ ಮನೆ. ಅವರು ಮಲ್ಲಯ್ಯನನ್ನು ‘ಚೆಂಚು ಮಲ್ಲಯ್ಯ’ ಎಂದೇ ಕರೆಯುತ್ತಾರೆ, ಅವರ ಲೆಕ್ಕದಲ್ಲಿ ಅಳಿಯ ಅವರಿಗೆ. ಬೀಗರ ಅಂಗಳದಲ್ಲಿ ನಡೆಯುವಾಗ ಇರಬೇಕಾದ ಮರ್ಯಾದೆ ಇರಲಿ.

ಭೀಮುನಿ ಕೊಲನು ಬರುವವರೆಗೆ ಶಕ್ತಿ ಉಳಿಸಿಕೊಳ್ಳಿ. ಅಲ್ಲಿ ಹಾದಿ ಕಡಿದಾದ ಕಣಿವೆಗೆ ಇಳಿದು, ಮತ್ತೆ ಕಲ್ಲಿನ ಮೆಟ್ಟಿಲುಗಳಲ್ಲಿ ಕೈಲಾಸದ್ವಾರಕ್ಕೆ ಏರುತ್ತದೆ. ಇಷ್ಟು ದಿನ ಸಮತಟ್ಟಾದ ಡಾಂಬರಿಗೆ ಒಗ್ಗಿದ ಮೊಣಕಾಲಿಗೆ ಏರುವುದಕ್ಕಿಂತ ಇಳಿಯುವುದೇ ಕಷ್ಟ. ಕೈಯಲ್ಲಿ ಕೋಲು ಹಿಡಿದು, ಅಡ್ಡಡ್ಡ ಹೆಜ್ಜೆ ಹಾಕುತ್ತಾ ಇಳಿಯಿರಿ. ಏರುವಾಗ ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಲ್ಲಿ, ಹಿಂದಿನವರು ತಳ್ಳಿದರೆ ಪಕ್ಕಕ್ಕೆ ಸರಿದು ಅವರನ್ನು ಬಿಡಿ. ಎದೆ ಹಿಡಿದುಕೊಂಡಂತಾದರೆ, ಎಡಗೈ ಅಥವಾ ದವಡೆ ಸೆಳೆದರೆ ‘ಇನ್ನೇನು ಬಂತು’ ಎಂದು ಮುಂದುವರಿಯಬೇಡಿ. ಕುಳಿತು, ಹಿಂದಿನ ಕಾವಲಿನವನಿಗೆ ತಿಳಿಸಿ. ಈ ಏರಿಗೆ ಬೆಳಗಿನ ತಂಪಿನಲ್ಲೇ ಬಂದು ಸೇರುವಂತೆ ಹಿಂದಿನ ರಾತ್ರಿಯ ತಂಗುದಾಣವನ್ನು ಗೊತ್ತುಮಾಡುವುದು ಗುಂಪಿನ ಹಿರಿಯರ ಜಾಣತನ.

ತಲುಪಿದ ಮೇಲೆ

ಕೈಲಾಸದ್ವಾರ ದಾಟಿ ಊರು ಸೇರಿದ ಕೂಡಲೇ ಸರತಿ ಸಾಲಿಗೆ ಓಡಬೇಡಿ. ಸ್ನಾನ, ಊಟ, ನಾಲ್ಕು ಗಂಟೆ ನಿದ್ದೆ ಮೊದಲು. ಯುಗಾದಿಯ ಉತ್ಸವ ಸಾಮಾನ್ಯವಾಗಿ ಐದು ದಿನ ನಡೆಯುತ್ತದೆ. ಸಂದಣಿ ಹೆಚ್ಚಾದ ದಿನಗಳಲ್ಲಿ ಸ್ಪರ್ಶ ದರ್ಶನ ನಿಲ್ಲಿಸಿ ಅಲಂಕಾರ ದರ್ಶನ ಮಾತ್ರ ಕೊಡುತ್ತಾರೆ. ಲಿಂಗ ಮುಟ್ಟಲೇಬೇಕು ಎನ್ನುವವರು ದೇವಸ್ಥಾನದ ಆ ವರ್ಷದ ಪ್ರಕಟಣೆ ನೋಡಿ, ಅದಕ್ಕೆ ತಕ್ಕಂತೆ ಊರು ಬಿಡಬೇಕು. ಅಗ್ನಿಗುಂಡದ ಸೇವೆ ನೋಡಲು ಹೋಗುವ ಮಕ್ಕಳ ಕೈ ಹಿಡಿದುಕೊಳ್ಳಿ. ಪಾತಾಳಗಂಗೆಗೆ, ಅಂದರೆ ಕೆಳಗಿನ ಕೃಷ್ಣಾ ನದಿಗೆ, ಮೆಟ್ಟಿಲು ಇಳಿಯುವ ಹಟ ಬೇಡ, ರೋಪ್‌ವೇ ಇದೆ. ಮೊಣಕಾಲಿಗೆ ಸಾಕಷ್ಟು ಕೆಲಸ ಕೊಟ್ಟಾಗಿದೆ. ಅಕ್ಕಮಹಾದೇವಿಯ ಗುಹೆಗೆ ಅಲ್ಲಿಂದ ದೋಣಿಯಲ್ಲಿ ಹೋಗಬೇಕು. ಅದಕ್ಕೆ ಅರ್ಧ ದಿನ ಬೇರೆ ಇಟ್ಟುಕೊಳ್ಳಿ, ಹಬ್ಬದ ಗದ್ದಲ ಮುಗಿದ ಮರುದಿನವಾದರೆ ಒಳ್ಳೆಯದು.

ವಾಪಸಾಗಲು ಕಲ್ಯಾಣ ಕರ್ನಾಟಕ, ವಾಯವ್ಯ ಕರ್ನಾಟಕ ಸಾರಿಗೆ ನಿಗಮಗಳು ಹಬ್ಬಕ್ಕೆ ವಿಶೇಷ ಬಸ್ ಬಿಡುತ್ತವೆ. ಇಷ್ಟು ದಿನ ನಡೆದ ಕಾಲುಗಳು ಹತ್ತು ಹನ್ನೆರಡು ಗಂಟೆ ಒಂದೇ ಸಮನೆ ಜೋತುಬಿದ್ದರೆ ಊದಿಕೊಳ್ಳುತ್ತವೆ. ಬಸ್ ನಿಂತಲ್ಲೆಲ್ಲ ಇಳಿದು ನಾಲ್ಕು ಹೆಜ್ಜೆ ಹಾಕಿ, ನೀರು ಕುಡಿಯುವುದನ್ನು ನಿಲ್ಲಿಸಬೇಡಿ. ಒಂದೇ ಕಾಲು ಊದಿ, ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ ಅದು ನಡಿಗೆಯ ದಣಿವು ಎಂದುಕೊಳ್ಳದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಅಂಗಾಲಿನ ಗಾಯ ವಾರದಲ್ಲಿ ಒಣಗದಿದ್ದರೂ ಹಾಗೆಯೇ. ಊರಿಗೆ ಬಂದ ವಾರದೊಳಗೆ ಗುಂಪಿನ ಲೆಕ್ಕ ಓದಿ, ಉಳಿದ ಹಣದಲ್ಲಿ ಮುಂದಿನ ವರ್ಷದ ಟೆಂಪೊಗೆ ಮುಂಗಡ ಕೊಟ್ಟುಬಿಡಿ. ಜನವರಿಯಲ್ಲಿ ಹುಡುಕಲು ಹೊರಟರೆ ಒಳ್ಳೆಯ ಚಾಲಕರೆಲ್ಲ ಬೇರೆ ಊರಿನ ಕಂಬಿಗೆ ಮಾತು ಕೊಟ್ಟಿರುತ್ತಾರೆ.